ಆಣೆ ಹಾಕದ ಭಾವ

ಈ ಕಥೆಗೆ ನಾನು ಕೊಟ್ಟದ್ದು ಎಡಗೈಯ ಮೂರು ಬೆರಳು. ಬೆರಳುಗಳು ಕೈಯಲ್ಲೇ ಉಂಟು, ಆದರೆ ಮಡಚುವುದಿಲ್ಲ, ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಅವರು ಮೊದಲು ಕೇಳಿದ್ದು ಬಲಗೈ, ಅದೂ ಮೊಣಕೈವರೆಗೆ. ನಾನು ಬಲಗೈಯನ್ನು ಎಡಗೈ ಮಾಡಿಸಿದೆ, ಮೊಣಕೈಯಿಂದ ಮಣಿಗಂಟಿಗೆ ಇಳಿಸಿದೆ, ಮಣಿಗಂಟಿನಿಂದ ಬೆರಳಿಗೆ ತಂದೆ. ಕಾದ ಎಣ್ಣೆಗೆ ಅದ್ದಬೇಕಾದ ಕೈಗೆ ಕುಕ್ಕರಗಾಲಿನಲ್ಲಿ ಕೂತು ಇಷ್ಟು ಚೌಕಾಶಿ ಮಾಡಿದವನು ಮಂಗಳೂರಿನಲ್ಲಿ ಇನ್ನೊಬ್ಬ ಇದ್ದರೆ ನನಗೆ ತೋರಿಸಿ. ಯಾಕೆ ಕೊಟ್ಟೆ ಎಂದರೆ, ನನ್ನ ಅಕ್ಕನ ಗಂಡ ಆಣೆ ಹಾಕಲು ಒಪ್ಪಲಿಲ್ಲ.

ನಾನು ಗುಜರಿಯವನು. ತೂತಾದ ಚೆಂಬು, ಬಾಯಿ ಒಡೆದ ಹಂಡೆ, ಮಂಜಿ ದೋಣಿಗಳಿಂದ ಕಿತ್ತ ತಾಮ್ರದ ತಗಡು, ಎಲ್ಲ ತೂಕಕ್ಕೆ ತೆಗೆದುಕೊಂಡು ಬಡಿದು ಚಪ್ಪಟೆ ಮಾಡಿ ದಾಟಿಸುವುದು ನನ್ನ ಕಸುಬು. ಅಪ್ಪ ಗೇಣಿ ಗದ್ದೆಯಲ್ಲಿ ದುಡಿದು ಸತ್ತ, ನನಗೆ ಬಿಟ್ಟುಹೋದದ್ದು ಒಂದು ಸುತ್ತಿಗೆ. ಅದನ್ನೇ ಹಿಡಿದುಕೊಂಡು ಬಂದರಿನ ಬೀದಿಗೆ ಬಂದೆ, ಒಬ್ಬರ ಜಗಲಿಯಲ್ಲಿ ಕೂತು ಬಡಿಯತೊಡಗಿದೆ, ಕೊನೆಗೆ ಆ ಜಗಲಿಯನ್ನೇ ನನ್ನದು ಮಾಡಿಕೊಂಡೆ. ಈಗ ಇನ್ನೊಂದು ಯುದ್ಧ ನಡೆಯುತ್ತಿದೆ, ಲೋಹಕ್ಕೆ ಬೇಡಿಕೆ ಬಂದು ಜನ ಅಜ್ಜಿಯ ಕಾಲದ ದೀಪಗಳನ್ನೂ ಸೆರಗಿನಲ್ಲಿ ಮುಚ್ಚಿ ತರುತ್ತಾರೆ. ನಾನು ಹೇಳಹೊರಟದ್ದು ಇದರ ಹಿಂದಿನ ಯುದ್ಧದ ಸಮಯದ್ದು. ಆಗ ನನಗೆ ಇನ್ನೂ ಮದುವೆ ಆಗಿರಲಿಲ್ಲ.

ಭಾವನ ಮನೆಯವರು ಬೋಳಾರದ ಕಡೆ ಒಂದು ದೈವಸ್ಥಾನದಲ್ಲಿ ತಲೆತಲಾಂತರದಿಂದ ದೈವದ ಪಾತ್ರೆ, ಗಂಟೆ, ಕಂಚಿನ ಮೊಗ ತಿಕ್ಕಿ ಬೆಳಗುವ ಚಾಕರಿಯವರು. ಮೊಗ ಎಂದರೆ ದೈವದ ಮುಖ; ನೇಮದ ಹಬ್ಬದ ದಿನ ಪಾತ್ರಿ, ಅಂದರೆ ಮೈಮೇಲೆ ದೈವ ಬರುವವನು, ಅದರ ಎದುರೇ ನಿಂತು ನಡುಗುವುದು. ಭಾವ ಹುಡುಗನಾಗಿದ್ದಾಗಲೇ ಹೊಳೆಬದಿಯಲ್ಲಿದ್ದ ಜರ್ಮನ್ ಮಿಷನ್ನಿನ ಹಂಚಿನ ಕಾರ್ಖಾನೆಗೆ ಸೇರಿದ. ಮದುವೆಯಾದ ಮೇಲೆ ಒಂದು ವರ್ಷ ಸಿಡುಬು ಬಂದು ಬಿದ್ದ. ನಮ್ಮವರು ಯಾರೂ ಅಂಗಳ ದಾಟಿ ಒಳಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅಕ್ಕ ಒಬ್ಬಳೇ ಇದ್ದಳು, ಮತ್ತೆ ದಿನಕ್ಕೆ ಒಮ್ಮೆ ಒಬ್ಬ ಜರ್ಮನ್ ಪಾದ್ರಿ ಬಂದು ಗಂಜಿ ಕುಡಿಸಿ ಹೋಗುತ್ತಿದ್ದ. ಎದ್ದ ಮೇಲೆ ಭಾವ ಕ್ರಿಸ್ತನವನಾದ. ಅಕ್ಕ ಆಗಲಿಲ್ಲ. "ನಿಮಗೆ ಗಂಜಿ ಕುಡಿಸಿದ್ದು ಪಾದ್ರಿ, ಸರಿ. ಬೇಯಿಸಿದ್ದು ನಾನಲ್ವಾ?" ಎಂದು ಕೇಳಿ, ಮಂಗಳವಾರ ಮಂಗಳಾದೇವಿಗೆ ಹೋಗುವುದನ್ನು ಮುಂದುವರಿಸಿದಳು. ಅವಳು ತಂದ ಪ್ರಸಾದವನ್ನು ಅವನು ಮುಟ್ಟುತ್ತಿರಲಿಲ್ಲ, ಅವಳು ಒತ್ತಾಯ ಮಾಡುತ್ತಿರಲಿಲ್ಲ. ಆದಿತ್ಯವಾರ ಅವನ ಬಿಳಿ ಅಂಗಿಗೆ ನೀಲಿ ಹಾಕಿ ಒಗೆದು ಕೊಡುತ್ತಿದ್ದಳು. ಸಂಸಾರ ಹಾಗೆ ನಡೆಯುತ್ತಿತ್ತು.

ಯುದ್ಧ ಶುರುವಾದ ಮೇಲೆ ಸರಕಾರದವರು ಜರ್ಮನ್ ಪಾದ್ರಿಗಳನ್ನು ಹಿಡಿದು ಬೇರೆ ಕಡೆಗೆ ಸಾಗಿಸಿದರು. ಬೆನ್ನಿಗೆ ಯಾರೂ ಇಲ್ಲದ ಮನುಷ್ಯನನ್ನು ಊರು ಬಹಳ ಬೇಗ ಗುರುತಿಸುತ್ತದೆ. ಬೇಸಗೆಯಲ್ಲಿ, ಪಗ್ಗು ತಿಂಗಳ ನೇಮಕ್ಕೆ ವಾರ ಇರುವಾಗ ಭಂಡಾರದ ಪೆಟ್ಟಿಗೆ ತೆರೆದು ನೋಡಿದರೆ ಮೊಗ ಇಲ್ಲ. ಬೀಗ ಒಡೆದಿರಲಿಲ್ಲ. ಹಾಗಾದರೆ ಒಳಗಿನ ದಾರಿ ಗೊತ್ತಿರುವವನೇ ತೆಗೆದದ್ದು ಎಂದಾಯಿತು. ಒಳಗಿನ ದಾರಿ ಗೊತ್ತಿದ್ದೂ ಒಳಗಿನವನಲ್ಲದವನು ಊರಿನಲ್ಲಿ ಒಬ್ಬನೇ.

ನನಗೆ ಸುದ್ದಿ ಮುಟ್ಟಿ ನಾನು ಬಂದರಿನಿಂದ ಓಡಿ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು. ಮಾಡಿನ ಹಂಚುಗಳನ್ನು ಕೆಳಗಿನಿಂದ ದೋಣಿಯ ಹುಟ್ಟಿನಲ್ಲಿ ತಿವಿದು ಉದುರಿಸಿದ್ದರು. ಅಕ್ಕನ ಅನ್ನದ ಮಡಕೆ ಬಾವಿಕಟ್ಟೆಯ ಮೇಲೆ ಚೂರಾಗಿತ್ತು. ಭಾವನನ್ನು ಅಂಗಳದ ತೆಂಗಿನ ಮರಕ್ಕೆ ತಬ್ಬಿಸಿ ಕೈ ಕಟ್ಟಿದ್ದರು, ಬೆನ್ನಿಗೆ ದೋಣಿಯ ಹುಟ್ಟಿನಲ್ಲಿ ಹೊಡೆಯುತ್ತಿದ್ದರು. ಹುಟ್ಟಿನ ಏಟು ಬೆತ್ತದ ಹಾಗಲ್ಲ, ಶಬ್ದ ಕಡಿಮೆ, ಒಳಗೆ ಒಡೆಯುವುದು ಜಾಸ್ತಿ. ಅವನ ಬಾಯಿಯಿಂದ ರಕ್ತ ಮರದ ಮೇಲೆ ಇಳಿದು, ಇರುವೆಗಳು ಆಗಲೇ ಬಂದಿದ್ದವು. ಅಕ್ಕನನ್ನು ಇಬ್ಬರು ಹೆಂಗಸರು ಕೂದಲು ಹಿಡಿದು ನೆಲಕ್ಕೆ ಒತ್ತಿದ್ದರು. ಅವಳು ಅದರಲ್ಲಿ ಒಬ್ಬಳ ಮಣಿಗಂಟನ್ನು ಕಚ್ಚಿ ಮಾಂಸ ಕಿತ್ತಿದ್ದಳು.

ನಡುವೆ ನಿಂತಿದ್ದವರು ಗುರಿಕಾರರು, ಆ ದೈವಸ್ಥಾನಕ್ಕೂ ಆ ಕೇರಿಗೂ ಹಿರಿಯರು. ದೊಡ್ಡ ಆಳು. ಹಿಂದಿನ ಮಳೆಗಾಲದಲ್ಲಿ ಒಬ್ಬನೇ ಮಗ ಜ್ವರದಲ್ಲಿ ಹೋದ ಮೇಲೆ ಅವರು ಯಾರ ಹತ್ತಿರವೂ ಎರಡು ಮಾತಿಗಿಂತ ಹೆಚ್ಚು ಆಡಿದ್ದಿಲ್ಲ.

"ಎಷ್ಟು ಸಲ ಕೇಳುವುದು ಇವನನ್ನು," ಎಂದರು ನನ್ನನ್ನು ನೋಡಿ. "ದೈವ ಕೂರುವ ಉಯ್ಯಾಲೆ ಮುಟ್ಟಿ ನಾನು ತೆಗೆಯಲಿಲ್ಲ ಎಂದು ಒಂದು ಮಾತು ಹೇಳಲಿ. ಹಗ್ಗ ಬಿಚ್ಚುತ್ತೇನೆ."

ಭಾವ ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡೇ ಹೇಳಿದ, "ತೆಗೆಯಲಿಲ್ಲ. ಹೇಳಿದೆನಲ್ಲ."

"ಆಣೆ ಹಾಕು."

"ಹಾಕಲಿಕ್ಕಿಲ್ಲ."

"ಓ, ನಮ್ಮ ದೈವದ ಮೇಲೆ ಹಾಕಲಿಕ್ಕಿಲ್ಲವೋ. ನಿನ್ನ ಶಿಲುಬೆಯ ಮೇಲೆ ಹಾಕು, ಹೋಗಲಿ."

"ಅದರ ಮೇಲೂ ಇಲ್ಲ. ಯಾವುದರ ಮೇಲೂ ಆಣೆ ಹಾಕಬಾರದು ನಾವು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ."

ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಗದ್ದೆಯ ಹುಣಿಯ ಜಗಳ, ಗಂಡಹೆಂಡಿರ ಜಗಳ, ಸತ್ತವನ ಪಾಲಿನ ಜಗಳ, ಎಲ್ಲ ಮುಗಿಯುವುದು ಆಣೆಯಲ್ಲಿ. ಮಸೀದಿಯ ಬ್ಯಾರಿಗಳು ಅವರ ರೀತಿಯಲ್ಲಿ ಹಾಕುತ್ತಾರೆ, ರೋಮನ್ ಇಗರ್ಜಿಯವರು ಅವರ ರೀತಿಯಲ್ಲಿ. ಸುಳ್ಳಾಣೆ ಹಾಕಿ ರಕ್ತ ಕಾರಿ ಸತ್ತವರ ಹೆಸರು ಮಕ್ಕಳಿಗೂ ಬಾಯಿಪಾಠ. ಆಣೆಯೇ ಬೇಡ ಎನ್ನುವ ದೇವರೊಂದು ಇರಬಹುದು ಎಂದು ಆ ಅಂಗಳದಲ್ಲಿ ಯಾರಿಗೂ ತೋಚುವಂತಿರಲಿಲ್ಲ. ಅವನ ಕಾರ್ಖಾನೆಯ ಕ್ರಿಸ್ತನವರೇ ಎಷ್ಟೋ ಜನ ಕೋರ್ಟಿಗೆ ಹೋಗಿ ಬೈಬಲ್ ಮುಟ್ಟಿ ಆಣೆ ಹಾಕಿ ಬಂದಿದ್ದರು. ಇವನು ಮಾತ್ರ ಓದಿದ್ದನ್ನು ಓದಿದ ಹಾಗೇ ಹಿಡಿದವನು. ಹಾಕುವುದಿಲ್ಲ ಎಂದ ಮೇಲೆ ಅವನೇ ಕಳ್ಳ ಎಂದು ತೀರ್ಮಾನ. ಯಾರೋ ಹಿಂದಿನಿಂದ ಬಂದು ಹುಟ್ಟನ್ನು ಅಡ್ಡ ಬೀಸಿದರು, ಭಾವನ ಪಕ್ಕೆಯಲ್ಲಿ ಒಣ ಕಡ್ಡಿ ಮುರಿದಂತೆ ಒಂದು ಸದ್ದು ಬಂತು.

ನಾನು ಮೊದಲು ಮಾಡಿದ್ದು ಗುಜರಿಯವನು ಮಾಡುವ ಕೆಲಸ. "ಗುರಿಕಾರರೇ, ಹೊಸ ಮೊಗ ಮಾಡಿಸಿ ಕೊಡುತ್ತೇನೆ. ಹಳೆಯದಕ್ಕಿಂತ ತೂಕದ್ದು."

ಅವರು ನನ್ನ ಕಿವಿಯ ಮೇಲೆ ಹೊಡೆದರು. ನಾನು ಬಾವಿಕಟ್ಟೆಯವರೆಗೆ ಹೋಗಿ ಬಿದ್ದೆ.

"ನಿನ್ನ ಅಪ್ಪನ ಮುಖ ಎರಕ ಹೊಯ್ಯಿಸಿಕೊಂಡು ಬಾ," ಎಂದರು. "ಅದನ್ನು ಅಪ್ಪಾ ಎಂದು ಕರೆ. ಅದು ಓಗೊಟ್ಟ ಮೇಲೆ ನಾವೂ ಹೊಸ ಮೊಗದ ಮಾತು ಆಡುವ."

ಆಗ ಒಬ್ಬ ಮುದುಕ ಎಣ್ಣೆಯ ಮಾತು ತೆಗೆದ. ಅವನ ಅಜ್ಜನ ಕಾಲದಲ್ಲಿ ಹಾಗೆ ಮಾಡುತ್ತಿದ್ದರಂತೆ: ಕಾದ ಎಣ್ಣೆಯಲ್ಲಿ ಕೈ ಅದ್ದಿಸಿ, ಬಟ್ಟೆ ಕಟ್ಟಿ, ನೇಮದ ದಿನ ಎಲ್ಲರ ಎದುರು ಬಿಚ್ಚುವುದು. ಕೀವು ತುಂಬಿದ್ದರೆ ಕಳ್ಳ, ಒಣಗಿದ್ದರೆ ಸಾಚಾ. ಅಲ್ಲಿದ್ದವರು ಯಾರೂ ಅದನ್ನು ಕಣ್ಣಾರೆ ನೋಡಿದವರಲ್ಲ. ಅದಕ್ಕೇ ಎಲ್ಲರಿಗೂ ಇಷ್ಟವಾಯಿತು.

ಪೊಲೀಸರನ್ನು ಕರೆಯಬಹುದಿತ್ತು ಎಂದು ನೀವು ಹೇಳಬಹುದು. ಅವರು ಬರುವಷ್ಟರಲ್ಲಿ ಭಾವನಿಗೆ ಕೈ ಇರುತ್ತಿರಲಿಲ್ಲ, ಬಂದು ಹೋದ ಮೇಲೆ ಅಕ್ಕನಿಗೆ ಆ ಕೇರಿಯ ಬಾವಿ ಇರುತ್ತಿರಲಿಲ್ಲ. ಭಾವನ ಬಲಗೈ ಎಂದರೆ ಹಂಚಿನ ಅಚ್ಚಿನ ಯಂತ್ರ ಎಳೆಯುವ ಕೈ, ಆ ಮನೆಯ ಅನ್ನ. ನನ್ನ ವ್ಯಾಪಾರ ನಡೆಯುವುದು ಬಾಯಲ್ಲಿ. ಈ ಲೆಕ್ಕ ನನಗೆ ಬಿದ್ದ ಜಾಗದಲ್ಲೇ ಹೊಳೆಯಿತು. ನಾನು ಎದ್ದು ಗುರಿಕಾರರ ಎದುರು ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ನಿಂತು ಮಾತಾಡುವವನಿಗೆ ಹೊಡೆಯುವುದು ಸುಲಭ.

"ಒಂದು ಮಾತು ಕೇಳುತ್ತೇನೆ, ಆಮೇಲೆ ಬೇಕಾದ್ದು ಮಾಡಿ. ಇವನು ಈಗ ನಮ್ಮ ದೈವದ ಮಗನೋ?"

"ಥೂ. ಅಲ್ಲ."

"ಮತ್ತೆ ಇವನ ಕೈ ಬೆಂದರೂ ಬೇಯದಿದ್ದರೂ ದೈವಕ್ಕೆ ಎಂತ? ನಾಳೆ ಕೈ ಒಣಗಿದರೆ ಇವನು ನಮ್ಮ ಏಸು ಕಾಪಾಡಿದ ಎಂದು ಊರಿಡೀ ಹೇಳಿದರೆ ನೀವು ಎಂತ ಮಾಡ್ತೀರಿ? ಸಾಕ್ಷಿ ಬೇಕಾದರೆ ದೈವಕ್ಕೆ ಗುರುತಿರುವ ಕೈ ಬೇಕು. ನನ್ನದು ತಕ್ಕೊಳ್ಳಿ. ಇವನು ಕದ್ದಿಲ್ಲ ಎಂದು ಇವನ ಪರವಾಗಿ ನಾನು ಆಣೆ ಹಾಕುತ್ತೇನೆ."

ಗುರಿಕಾರರು ಯೋಚಿಸುತ್ತಿದ್ದದ್ದು ಅವರ ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. ಆದರೆ ಅಡ್ಡ ಬಂದವನು ಭಾವನೇ. "ಬೇಡ," ಎಂದ. "ನನ್ನ ಪರವಾಗಿ ಯಾರೂ ಹಾಕಬೇಡಿ. ನಾನು ಹಾಕಿದ್ದಕ್ಕೆ ಸಮ ಅದು."

ಅಷ್ಟು ಹೊಡೆತ ತಿಂದವನ ಮೇಲೆ ನನಗೆ ಆ ದಿನ ಬಂದ ಸಿಟ್ಟು, ಹೊಡೆದವರ ಮೇಲೆ ಬಂದಿರಲಿಲ್ಲ. ಅಕ್ಕ ನೆಲದಲ್ಲಿ ಬಿದ್ದಲ್ಲಿಂದಲೇ ಕೂಗಿದಳು, "ನಿಮ್ಮ ದೇವರು ಆಣೆ ಹಾಕಬೇಡ ಎಂದದ್ದು ಹೌದು. ಬಾಯಿ ಮುಚ್ಚಬೇಡ ಎಂದೂ ಹೇಳಿದ್ದಾರಾ?"

ಇಬ್ಬರು ಮೂವರು ನಕ್ಕರು. ನಕ್ಕ ಗುಂಪು ಕೊಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳು. ಆದರೆ ಉಸಿರು ತೆಗೆದುಕೊಳ್ಳುತ್ತದೆ. ಆ ಉಸಿರಿನಲ್ಲಿ ನಾನು ಚೌಕಾಶಿ ಮುಗಿಸಿದೆ. ಎಡಗೈ, ಮೂರು ಬೆರಳು, ಬುಡದವರೆಗೆ, ಆಣೆಯ ಮಾತು ಮುಗಿಯುವಷ್ಟು ಹೊತ್ತು. ನೇಮದವರೆಗೆ ಭಾವನ ಮೈ ಯಾರೂ ಮುಟ್ಟಬಾರದು. ಅದಕ್ಕೆ ಬದಲು, ಕೈ ಕೀವಾದರೆ ಅವನನ್ನು ನಾನೇ ಹಿಡಿದು ತಂದು ಒಪ್ಪಿಸಬೇಕು. ಈ ಕೊನೆಯದಕ್ಕೂ ಹೂಂ ಎಂದೆ. ನನಗೆ ಬೇಕಾಗಿದ್ದದ್ದು ವಾರದ ಸಮಯ.

ದೈವಸ್ಥಾನದ ಅಂಗಳದಲ್ಲಿ ಮೂರು ಕಲ್ಲು ಹೂಡಿದರು. ಎಣ್ಣೆ, ಬಾಣಲೆ ತಂದದ್ದು ಗುರಿಕಾರರ ಹೆಂಡತಿ. ಮಗ ಹೋದ ಮೇಲೆ ಅರ್ಧ ಆಗಿಹೋಗಿದ್ದ ಹೆಂಗಸು, ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಬೆಂಕಿ ಊದಿದರು, ಎಣ್ಣೆ ನೋಡಿದರು, ಯಾರೂ ಹೇಳುವ ಮೊದಲೇ ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ಕೆಳಗಿಟ್ಟರು.

"ಇನ್ನೂ ಹೊಗೆ ಬರಲಿಲ್ಲ," ಎಂದರು ಗುರಿಕಾರರು.

"ಎಣ್ಣೆ ಕಾದದ್ದು ಗೊತ್ತಾಗಲಿಕ್ಕೆ ನನಗೆ ಗಂಡಸರು ಹೇಳಿಕೊಡಬೇಕಾ?"

ನಾನು ಬೆರಳು ಇಳಿಸಿದೆ. ಮೊದಲು ಬಿಸಿ ಎಂದೇ ಗೊತ್ತಾಗಲಿಲ್ಲ, ಯಾರೋ ಬೆರಳುಗಳನ್ನು ಬಾಗಿಲ ಸಂದಿಗೆ ಹಾಕಿ ಜಜ್ಜಿದ ಹಾಗೆ ಆಯಿತು. ಆಮೇಲೆ ಉರಿ ಭುಜದವರೆಗೆ ಏರಿತು. ಆಣೆಯ ಮಾತನ್ನು ನಾನು ಪೂರ್ತಿ ಹೇಳಿದೆನಂತೆ, ಸ್ಪಷ್ಟವಾಗಿ, ದೈವದ ಹೆಸರು ಹಿಡಿದು. ನನಗೆ ನೆನಪಿರುವುದು ನನ್ನದೇ ಚರ್ಮದ ವಾಸನೆ, ಮತ್ತೆ ಪಕ್ಕದಲ್ಲಿ ಒಬ್ಬ ವಾಂತಿ ಮಾಡಿದ್ದು.

ಮರುದಿನ ಜ್ವರದಲ್ಲೇ ಬಂದರಿಗೆ ಹೋದೆ. ಅಲ್ಲಿ ನನಗೆ ಕಸುಬು ಕಲಿಸಿದ ಒಬ್ಬರು ಮುದಿ ಬ್ಯಾರಿ ಸಾಹೇಬರಿದ್ದರು. ಊರಿನ ಯಾವ ಪಾತ್ರೆ ಯಾವ ಅಂಗಡಿಯಲ್ಲಿ ಕರಗಿತು ಎಂಬುದೆಲ್ಲ ಅವರಿಗೆ ಗೊತ್ತು. ನನ್ನ ಕೈ ನೋಡಿ ನಾಲಗೆ ಲೊಚಗುಟ್ಟಿದರು.

"ಸಾಹೇಬರೇ, ಒಂದು ಮೊಗ ಎಲ್ಲಿಯಾದರೂ ಬಂತಾ?"

"ಬರುವುದಿಲ್ಲ, ಮೋನು. ಕಣ್ಣಿರುವ ಲೋಹ ಈ ಬೀದಿಯಲ್ಲಿ ಯಾರೂ ತಕ್ಕೊಳ್ಳುವುದಿಲ್ಲ. ನನಗೆ ವಿಗ್ರಹ ಹರಾಮು. ನಿಮ್ಮವರಿಗೆ ಹೆದರಿಕೆ. ಆಚೆ ಅಂಗಡಿಯ ಪರ್ಬುಗಳಿಗೆ ಅವರ ಪಾದ್ರಿ ಬೈಯುತ್ತಾರೆ. ಕಾರಣ ಮೂರು, ಬಾಗಿಲು ಮುಚ್ಚುವುದು ಒಂದೇ ತರ."

"ಹಾಗಾದರೆ ಕದ್ದವನು ಎಂತ ಮಾಡಿದ?"

ಅವರು ವೀಳ್ಯ ಮಡಚುತ್ತ ಕೇಳಿದರು, "ನಿನ್ನ ಭಾವ ತೆಗೆದಿದ್ದರೆ ಎಂತ ಮಾಡುತ್ತಿದ್ದ?"

"ಅವನಿಗೆ ಅದು ಬರೀ ಕಂಚು. ಯಾಕೆ ತೆಗೆಯುತ್ತಾನೆ?"

"ಅದೇ ಹೇಳುವುದು. ದೇವರನ್ನು ಕದಿಯಲಿಕ್ಕೆ ದೇವರನ್ನು ನಂಬಿದವನೇ ಬೇಕು ಮಾರಾಯ. ಮೊಗ ಇಡೀ ಇರುತ್ತದೆ, ನಿಮ್ಮವರದ್ದೇ ಮನೆಯಲ್ಲಿ ಇರುತ್ತದೆ."

ಈ ಮಾತನ್ನು ನಾನು ಅಂದೇ ಬೋಳಾರದ ಶೇಂದಿ ಅಂಗಡಿಯ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕದ್ದವನು ಆ ದೈವಕ್ಕೆ ಕೈ ಮುಗಿಯುವವನೇ ಎಂದೆ. ಹೇಳಿದ್ದಕ್ಕೆ ಒಬ್ಬ ಶೇಂದಿಯ ಮಡಕೆಯನ್ನು ನನ್ನ ಮುಖಕ್ಕೆ ಒಡೆದ, ಇನ್ನೊಬ್ಬ ಸುಟ್ಟ ಕೈಯನ್ನೇ ಹುಡುಕಿ ತುಳಿದ. ಕೈಯ ಬೊಕ್ಕೆ ಒಡೆದದ್ದು ಆಗ. ಕಾರ್ಖಾನೆಯ ನಾಲ್ಕು ಕ್ರಿಸ್ತನವರು ಮಣ್ಣು ಬಡಿಯುವ ಕೊಡತಿ ಹಿಡಿದು ಓಡಿ ಬಂದು ನನ್ನನ್ನು ಎಳೆದುಕೊಂಡು ಹೋದರು. ಇನ್ನು ಮೇಲೆ ಹೊಡೆದರೆ ತಿರುಗಿ ಹೊಡೆಯುತ್ತೇವೆ ಎಂದು ಅವರೂ ಕೂಗಿ ಹೋದರು. ಮೊಗ ಸಿಗದಿದ್ದರೆ ನೇಮದ ದಿನ ಎಂತ ಆಗುತ್ತದೆ ಎಂದು ಕೇರಿಯ ನಾಯಿಗೂ ತಿಳಿಯಿತು.

ಕೈ ಕೀವಾಯಿತು. ಅಕ್ಕ ದಿನಾ ಬಿಚ್ಚಿ ತೊಳೆಯುತ್ತಿದ್ದಳು, ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ, ಅಷ್ಟರಿಂದಲೇ ನನಗೆ ಎಷ್ಟು ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು. ನೇಮದ ಹಿಂದಿನ ದಿನ ಮಧ್ಯಾಹ್ನ, ಗಂಡಸರೆಲ್ಲ ಚಪ್ಪರದ ಕೆಲಸದಲ್ಲಿರುವಾಗ, ಗುರಿಕಾರರ ಹೆಂಡತಿ ಮೀನಿನ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಹಿಂದಿನ ಬಾಗಿಲಿನಿಂದ ಬಂದರು.

"ಕೈ ತೋರಿಸು."

ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಬುಟ್ಟಿ ಇಳಿಸಿ, ಉಪ್ಪು ಹಾಕಿದ ಬಂಗುಡೆಯನ್ನು ಎರಡೂ ಕೈಯಲ್ಲಿ ಬಗೆದು ಬದಿಗೆ ಸರಿಸಿದರು. ಅಡಿಯಲ್ಲಿ ಮೊಗ. ಕಣ್ಣಿನ ಗುಳಿಯಲ್ಲಿ ಉಪ್ಪು ತುಂಬಿ, ಮೂಗಿನ ಬದಿಯಲ್ಲೆಲ್ಲ ಹಸಿರು ಕಿಲುಬು ಏರಿತ್ತು.

ಅಕ್ಕ ಗೋಡೆಗೆ ಒರಗಿದಳು. "ಅಕ್ಕೋ, ಇದು ಎಂತ ಮಾಡಿದಿರಿ ನೀವು?"

"ಮಗ ಜ್ವರದಲ್ಲಿ ಮಲಗಿದ್ದಾಗ ದೈವ ಪಾತ್ರಿಯ ಬಾಯಲ್ಲಿ ಬಂದು ಹೇಳಿತು, ನಾನು ಕಾಯುತ್ತೇನೆ, ವೈದ್ಯ ಬೇಡ ಎಂದು," ಎಂದರು ಅವರು. ದನಿ ಏರಲಿಲ್ಲ. "ನನ್ನ ಗಂಡ ನಂಬಿದರು. ನಾನೂ ನಂಬಿದೆ. ಕಾಯುತ್ತೇನೆ ಎಂದ ಮೇಲೆ ಕಾಯಬೇಕಲ್ಲ. ಮಾತಿಗೆ ತಪ್ಪಿದವರನ್ನು ನಮ್ಮ ಗಂಡಸರು ಮರಕ್ಕೆ ಕಟ್ಟಿ ಹೊಡೀತಾರೆ. ನಾನು ಉಪ್ಪಿನ ಭರಣಿಯಲ್ಲಿ ಬೋರಲು ಹಾಕಿದೆ. ದಿನಾ ಹೋಗಿ ಕೇಳುತ್ತಿದ್ದೆ, ಉರಿಯುತ್ತದಾ ಎಂದು."

ಭಂಡಾರದ ಬೀಗದ ಕೈ ಅವರ ಅಡುಗೆಮನೆಯ ಗೂಟದಲ್ಲೇ ನೇತಾಡುತ್ತಿತ್ತು. ಅದನ್ನು ಯಾರೂ ಯೋಚಿಸಿರಲಿಲ್ಲ. ನನ್ನ ಭಾವನ ಮೇಲೆ ದೂರು ಬೀಳುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ, ಬಿದ್ದ ಮೇಲೆ ಬಾಯಿ ಬರಲಿಲ್ಲವಂತೆ. ಎಣ್ಣೆಯನ್ನು ಹೊಗೆ ಬರುವ ಮೊದಲೇ ಇಳಿಸಿದ್ದು ಮಾತ್ರ ಅವರ ಕೈಯಲ್ಲಾದದ್ದು. "ಇದು ನಾನು ಎಂದು ಅವರಿಗೆ ಗೊತ್ತಾದರೆ ಕತ್ತಿಯಲ್ಲಿ ಕಡಿಯುತ್ತಾರೆ," ಎಂದರು. ಹೆದರಿಕೆಯಿಂದ ಹೇಳಿದ್ದಲ್ಲ, ಸಂತೆಯಲ್ಲಿ ಮೀನಿನ ಹೆಸರು ಹೇಳಿದ ಹಾಗೆ. ನನಗೆ ಸಂಶಯ ಇರಲಿಲ್ಲ. ಒಮ್ಮೆ ಊಟಕ್ಕೆ ತಡವಾಯಿತು ಎಂದು ಗುರಿಕಾರರು ಈ ಹೆಂಗಸಿನ ತೋಳು ಮುರಿದದ್ದು ಕೇರಿಗೇ ಗೊತ್ತು.

ಒಳಕೋಣೆಯಲ್ಲಿ ಮಲಗಿದ್ದ ಭಾವ ಇದೆಲ್ಲ ಕೇಳಿ, ಪಕ್ಕೆ ಹಿಡಿದುಕೊಂಡು ಹೊರಗೆ ಬಂದ. ಅವರು ಎದ್ದು ನಿಂತರು. ಅವನ ಮುಖ ಇನ್ನೂ ಊದಿ, ಒಂದು ಕಣ್ಣು ಮುಚ್ಚಿಕೊಂಡೇ ಇತ್ತು.

"ನಿಮ್ಮ ದೇವರಾಗಿದ್ದರೆ ಮಗುವನ್ನು ಉಳಿಸುತ್ತಿದ್ದರಾ?" ಎಂದು ಕೇಳಿದರು ಅವನನ್ನು.

ಭಾವ ಹೇಳಿದ, "ಇಲ್ಲ. ನಮ್ಮ ಮಕ್ಕಳು ಎರಡು ಹೋಗಿವೆ."

"ಮತ್ತೆ ನೀವು ಆ ದೇವರಿಗೆ ಎಂತ ಮಾಡಿದಿರಿ?"

"ಎಂತ ಮಾಡುವುದು. ಸಿಟ್ಟು ಮಾಡಿಕೊಂಡೆ. ಆಮೇಲೆ ಆದಿತ್ಯವಾರ ಬಂತು, ಹೋದೆ."

ಆ ಹೆಂಗಸು ಅಲ್ಲೇ ನೆಲದಲ್ಲಿ ಕೂತು ಅತ್ತರು. ಅಕ್ಕನೂ ಕೂತಳು. ನನಗೆ ಅಳುವುದಕ್ಕೆ ಪುರುಸೊತ್ತು ಇರಲಿಲ್ಲ. ಮೊಗ ತಾನಾಗಿ ಸಿಕ್ಕ ಹಾಗೆ ಆಗಬೇಕು, ಯಾರ ಹೆಸರೂ ಬರಬಾರದು. ನೇಮದ ಅಕ್ಕಿ ಅಳೆದು ಕೊಡುವುದು ಗುರಿಕಾರರ ಹೆಂಡತಿಯೇ. ಅಕ್ಕಿಯ ರಾಶಿಯೊಳಗೆ ಹೂತರೆ ನಾಳೆ ಅವರ ಗಂಡನ ಕೈಗೇ ಸಿಗುತ್ತದೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಭಾವ ಅಂದ, "ನಾನು ಯಾರಿಗೂ ಹೋಗಿ ಹೇಳುವುದಿಲ್ಲ. ಆದರೆ ನನ್ನನ್ನು ಕೇಳಿದರೆ ಸುಳ್ಳು ಹೇಳುವುದಿಲ್ಲ."

"ಕೇಳಿದರೆ ಗೊತ್ತಿಲ್ಲ ಅನ್ನಿ."

"ಗೊತ್ತುಂಟಲ್ಲ."

"ಇವರನ್ನು ಕಡಿಯುತ್ತಾರೆ, ಭಾವ."

"ಅದಕ್ಕೇ ಕೇಳದಿರಲಿ ಎಂದು ಪ್ರಾರ್ಥನೆ ಮಾಡುತ್ತೇನೆ."

ಅಕ್ಕ ಸೌಟನ್ನು ಎತ್ತಿ ಒಲೆಯ ಕಲ್ಲಿಗೆ ಎಸೆದಳು, ಅದು ಎರಡು ತುಂಡಾಯಿತು. ಅವನ ಪಕ್ಕೆ ಮುರಿಯದೆ ಇದ್ದಿದ್ದರೆ ನನ್ನ ಸರಿ ಇದ್ದ ಕೈಯಲ್ಲಿ ಅವನ ಉಳಿದ ಕಣ್ಣಿಗೂ ಗುದ್ದುತ್ತಿದ್ದೆ. ಇಂಥ ಮನುಷ್ಯನಿಗೆ ಒಂದು ಸುಳ್ಳು ಮಾರುವುದಕ್ಕಿಂತ ಮೀನು ಹಿಡಿಯುವವನಿಗೆ ಸಮುದ್ರದ ನೀರು ಮಾರುವುದು ಸುಲಭ. ಅವನು ಮಾತ್ರ ಬುಟ್ಟಿಯ ಹತ್ತಿರ ಕಷ್ಟಪಟ್ಟು ಕೂತು, ಮೊಗವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. "ಹುಣಸೆಹುಳಿ ಕೊಡು," ಎಂದ ಅಕ್ಕನಿಗೆ. "ಈ ಕಿಲುಬು ನೋಡಿದರೆ ಉಪ್ಪಿನಲ್ಲಿ ಇದ್ದದ್ದು ಕುರುಡನಿಗೂ ತಿಳಿಯುತ್ತದೆ."

"ನೀವು ಅದನ್ನು ಮುಟ್ಟಬಹುದಾ?"

"ಕಂಚು ತಿಕ್ಕುವುದು ಪೂಜೆ ಅಲ್ಲ."

ತಿಕ್ಕಿದ. ಹುಣಸೆಹುಳಿ, ಬೂದಿ, ತೆಂಗಿನ ನಾರು. ಹುಬ್ಬಿನ ಗೆರೆಯಲ್ಲಿ ಎಲ್ಲಿ ಕೊಳೆ ನಿಲ್ಲುತ್ತದೆ, ಮೀಸೆಯ ತಿರುವಿನಲ್ಲಿ ನಾರನ್ನು ಹೇಗೆ ತಿರುಗಿಸಬೇಕು ಎಂದು ಅವನ ಕೈಗೆ ನೆನಪಿತ್ತು. ಉಸಿರು ತೆಗೆದಾಗೆಲ್ಲ ಪಕ್ಕೆ ನೋವಿಗೆ ಹಲ್ಲು ಕಚ್ಚುತ್ತಿದ್ದ. ಗುರಿಕಾರರ ಹೆಂಡತಿ ಕಣ್ಣು ತೆಗೆಯದೆ ನೋಡುತ್ತಿದ್ದರು. ಕಡೆಗೆ ಮೊಗ ಬುಟ್ಟಿಗೆ ಹೋಯಿತು, ಮೇಲೆ ಬಾಳೆಲೆ, ಬಂಗುಡೆ.

ಮರುದಿನ ನೇಮದ ಅಂಗಳದಲ್ಲಿ ಕೇರಿ ಇಡೀ ಇತ್ತು. ಗಡಿಯ ಕಲ್ಲಿನ ಆಚೆ, ರಸ್ತೆಯಲ್ಲಿ, ಭಾವ ಅಕ್ಕನ ಹೆಗಲು ಹಿಡಿದು ನಿಂತಿದ್ದ; ಅವನನ್ನು ತರುತ್ತೇನೆ ಎಂದು ಒಪ್ಪಿದ್ದೆನಲ್ಲ. ಅವನ ಹಿಂದೆ ಕೊಡತಿಯವರು ನಾಲ್ಕು ಜನ. ಈಚೆ ಕತ್ತಿ ಮಸೆದವರು. ನನ್ನ ಕೈ ಬೈರಾಸು ಬಟ್ಟೆಯಲ್ಲಿ ಸುತ್ತಿತ್ತು, ನೊಣ ಮುತ್ತುತ್ತಿದ್ದವು. ಗುರಿಕಾರರು ಅಕ್ಕಿ ತೆಗೆಯಲು ಉಗ್ರಾಣದ ರಾಶಿಗೆ ಕೈ ಹಾಕಿದರು, ಹಾಕಿದವರು ಹಾಗೇ ನಿಂತರು. ಕೈ ಹೊರಗೆ ಬಂದಾಗ ಅದರಲ್ಲಿ ಮೊಗ ಇತ್ತು, ಹೊಳೆಯುತ್ತ, ಅಕ್ಕಿಯ ಕಾಳು ಉದುರಿಸುತ್ತ.

ಜನ ನೆಲಕ್ಕೆ ಬಿದ್ದರು. ಪಾತ್ರಿಗೆ ದರ್ಶನ ಬಂತು. ಕಡ್ಸಲೆ ಕತ್ತಿಯನ್ನು ತನ್ನ ಎದೆಗೆ ತಾನೇ ಬಡಿದುಕೊಂಡ, ರಕ್ತ ಹೊಟ್ಟೆಗೆ ಇಳಿಯಿತು. "ನಾನು ಎಲ್ಲಿಗೂ ಹೋಗಿರಲಿಲ್ಲ," ಎಂದು ಕೂಗಿದ. ಕೋಳಿಗಳ ಕತ್ತು ಬಿತ್ತು, ತಲೆ ಇಲ್ಲದ ಒಂದು ಹುಂಜ ನನ್ನ ಕಾಲಿನವರೆಗೆ ಓಡಿ ಬಂದು ಬಿತ್ತು. ಎಲ್ಲರೂ ಅಳುತ್ತಿದ್ದರು, ನಾನೂ. ನನ್ನ ಎದುರೇ ತಿಕ್ಕಿದ ಮೊಗ ಅದು, ಆದರೂ ಆ ಹೊತ್ತಿಗೆ ಮೈ ಜುಮ್ಮೆಂದದ್ದು ಸುಳ್ಳಲ್ಲ. ಕೈಯ ಬಟ್ಟೆ ಬಿಚ್ಚು ಎಂದು ಯಾರೂ ಕೇಳಲಿಲ್ಲ.

ಆದರೆ ಗುರಿಕಾರರು ದಡ್ಡರಲ್ಲ. ಮೊಗವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಹುಣಸೆಹುಳಿಯ ವಾಸನೆ ಬಂದಿರಬೇಕು. ಅವರ ಕಣ್ಣು ಗುಂಪಿನ ಮೇಲೆ ಹಾದು, ಕಲ್ಲಿನ ಆಚೆ ನಿಂತ ಭಾವನ ಮೇಲೆ ನಿಂತಿತು. ಆ ಹೊಳಪು ಯಾವ ಮನೆಯ ಕೈಯದ್ದು ಎಂದು ಅವರಿಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ಅವನ ಅಪ್ಪ, ಅಜ್ಜ ತಿಕ್ಕಿದ್ದನ್ನು ನೋಡಿ ಬೆಳೆದವರು. ಕತ್ತಿ ಕೈಯಲ್ಲೇ ಇತ್ತು. ನಾಲ್ಕು ಹೆಜ್ಜೆ ಹಾಕಿ ಕಲ್ಲಿನ ಹತ್ತಿರ ಹೋದರು. ಅವರ ಹೆಂಡತಿ ಅಕ್ಕಿಯ ಸೇರನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಭಾವ ಒಂದೇ ಕಣ್ಣಿನಲ್ಲಿ ಗುರಿಕಾರರನ್ನು ನೋಡುತ್ತ ಕಾಯುತ್ತಿದ್ದ. ಕೇಳಿದರೆ ಹೇಳುತ್ತಾನೆ. ನನಗೆ ಅಂಗಳದ ಡೋಲು ಕೇಳಿಸದಾಯಿತು.

ಹಿಂದಿನಿಂದ ಯಾರೋ ಅಂದ, "ಅವನನ್ನು ಎಂತ ಕೇಳುವುದು ಗುರಿಕಾರರೇ. ಆಣೆ ಹಾಕದವನ ಮಾತು, ನಾಯಿ ಬೊಗಳಿದ್ದು, ಎರಡೂ ಒಂದೇ."

ಜನ ನಕ್ಕರು. ಗುರಿಕಾರರು ಇನ್ನೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಲ್ಲಿನ ಮೇಲೆ ಉಗುಳಿ, ತಿರುಗಿ ಒಳಗೆ ಹೋದರು. ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲವೋ, ಆ ಮಾತಿಗೆ ಬೆಲೆ ಇಲ್ಲವೆಂದು ಕೇಳಲಿಲ್ಲವೋ, ನಾನು ಇವತ್ತಿಗೂ ಖಂಡಿತ ಹೇಳಲಾರೆ. ಮರುದಿನ ಬೆಳಿಗ್ಗೆ ಅದೇ ಕೇರಿಯ ಗಂಡಸರು ಮಾತಿಲ್ಲದೆ ಬಂದು ಅಕ್ಕನ ಮನೆಯ ಮಾಡಿಗೆ ಹಂಚು ಹೊದಿಸಿ ಹೋದರು. ಗುರಿಕಾರರ ಹೆಂಡತಿ ಮುಂದೆ ಬಹಳ ವರ್ಷ ಬದುಕಿದರು. ಭಾವನ ಪಕ್ಕೆ ವಕ್ರವಾಗಿಯೇ ಕೂಡಿಕೊಂಡಿತು, ಆದರೆ ಬಲಗೈ ಕೊನೆಯವರೆಗೂ ಅಚ್ಚು ಎಳೆಯಿತು.

ನಾನು ಓದಿದವನಲ್ಲ, ದೇವರ ವಿಷಯದಲ್ಲಿ ನನ್ನನ್ನು ಏನೂ ಕೇಳಬೇಡಿ. ವ್ಯವಹಾರದ ನಾಲ್ಕು ಮಾತು ಹೇಳುತ್ತೇನೆ. ಸುಟ್ಟ ಕೈಗೆ ಸುಣ್ಣ, ಬೂದಿ, ಸೆಗಣಿ ಹಚ್ಚಬೇಡಿ, ಬೊಕ್ಕೆ ಒಡೆಯಬೇಡಿ. ನನ್ನ ಬೆರಳು ಕಡೆಗೆ ಉಳಿದದ್ದು ಮಿಷನ್ ಆಸ್ಪತ್ರೆಯ ಶುದ್ಧ ಬಟ್ಟೆಯಿಂದ, ಅದನ್ನು ಮೊದಲೇ ಮಾಡಬೇಕಿತ್ತು. ಗುಂಪು ಮನೆಗೆ ಬಂದರೆ ಗುಂಪಿನ ಹತ್ತಿರ ಮಾತಾಡಬೇಡಿ, ಅದಕ್ಕೆ ಕಿವಿ ಇರುವುದಿಲ್ಲ. ಮುಂದೆ ನಿಂತ ಒಬ್ಬನ ಎದುರು ಕೂತುಕೊಳ್ಳಿ, ಅವನಿಗೆ ಉತ್ತರ ಹೇಳಲೇಬೇಕಾದ ಒಂದು ಪ್ರಶ್ನೆ ಹಾಕಿ. ಇನ್ನೊಂದು, ಇದು ಮುಖ್ಯ: ನಿಮ್ಮ ಪಕ್ಕದ ಮನೆಯವನ ದೇವರು ಯಾರು ಎಂದು ನಿಮಗೆ ಗೊತ್ತಿರುತ್ತದೆ. ಆ ದೇವರು ಅವನಿಗೆ ಯಾವುದನ್ನು ಬೇಡ ಎಂದಿದ್ದಾರೆ ಎಂದು ಗೊತ್ತುಂಟಾ? ಏನು ತಿನ್ನಲಿಕ್ಕಿಲ್ಲ, ಎಲ್ಲಿ ಕಾಲಿಡಲಿಕ್ಕಿಲ್ಲ, ಯಾವ ಮಾತು ಬಾಯಲ್ಲಿ ತರಲಿಕ್ಕಿಲ್ಲ? ಜಗಳದ ದಿನ ಇದನ್ನು ಕೇಳಿದರೆ ಅವನು ಹೇಳಿದ್ದು ನಿಮಗೆ ನೆಪದ ಹಾಗೆಯೇ ಕೇಳಿಸುತ್ತದೆ. ಜಗಳ ಇಲ್ಲದ ದಿನ ಕೇಳಿ. ನಾಳೆ ಸಂಜೆ ಕೆಲಸ ಬಿಟ್ಟ ಮೇಲೆ ಹೋಗಿ, ಅವನ ಜಗಲಿಯಲ್ಲಿ ಕೂತು ಕೇಳಿ. ಹೋಗುವಾಗ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಳ್ಳಿ. ಬಾಳೆಹಣ್ಣನ್ನು ಬೇಡ ಎನ್ನುವ ದೇವರು ನನಗೆ ಈವರೆಗೆ ಸಿಕ್ಕಿಲ್ಲ.